ಹಗ್ಗ ಕೊಡದೆ ಮಾರಿದ ಮೋಟಾರು

ನಿನ್ನೆ ನನ್ನ ಮೊಮ್ಮಗಳು ಮನೆಗೆ ಬಂದಳು. ಇದನ್ನು ಮೊದಲು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ನಮ್ಮ ಕಸ್ತೂರಿ ಎಳೆಯುವ ಟಾಂಗಾದಲ್ಲಿ, ಅಜ್ಜಿಯ ತೊಡೆಯ ಮೇಲೆ ಮಲಗಿಕೊಂಡು, ನಮ್ಮೂರು ಕಲ್ಯಾಣಿಯ ಅಗಸಿ ಬಾಗಿಲು ದಾಟಿ ಬಂದಳು. ಅಗಸಿಯ ಕಲ್ಲಿನ ಮೇಲೆ ಗಾಲಿ ಹತ್ತಿ ಇಳಿಯುವಾಗ ಎಚ್ಚರಾದಳು, ಆದರೆ ಅಳಲಿಲ್ಲ. ಟಾಂಗಾ ಹೊಡೆಯುವವರ ಮನೆಯ ಕೂಸು, ಗಾಲಿ ಸಪ್ಪಳಕ್ಕೆ ಯಾಕೆ ಅಂಜುತ್ತದೆ? ಮನೆ ಮುಂದೆ ನಾನು ಎತ್ತಿಕೊಂಡೆನೋ ಇಲ್ಲವೋ, ನನ್ನ ಮೀಸೆಗೆ ಕೈ ಹಾಕಿದಳು. ಏನು ಹಿಡಿತ ಅಂತೀರಿ! ಜೀವಮಾನವೆಲ್ಲ ಲಗಾಮು ಹಿಡಿದವನು ನಾನು, ಹಿಡಿತ ಅಂದರೆ ಏನೆಂದು ನನಗೆ ಗೊತ್ತು.

ನಾನು ಬರೆಯುವವನಲ್ಲ. ಚಿಕ್ಕವನಿದ್ದಾಗ ಮಠದ ಅಯ್ಯನವರು ಮರಳಿನ ಮೇಲೆ ತಿದ್ದಿಸಿದಷ್ಟೇ ನನ್ನ ಅಕ್ಷರ. ಆದರೆ ಓಣಿಯಲ್ಲಿ ಹೋಗುವವರನ್ನೆಲ್ಲ ಕರೆದು ಕರೆದು ಹೇಳಿದ್ದಾಯಿತು. ಈಗ ನನ್ನನ್ನು ಕಂಡರೆ ಜನ ಬೇರೆ ಓಣಿ ಹಿಡಿಯುತ್ತಿದ್ದಾರೆ. ಹೊಟ್ಟೆಯೊಳಗೆ ಇನ್ನೂ ಉಕ್ಕುತ್ತಲೇ ಇದೆ, ಅದಕ್ಕೇ ಬರೆಯಲು ಕೂತೆ.

ಕಸ್ತೂರಿ ಅಂದರೆ ನಮ್ಮ ಕುದುರೆ. ಕಪ್ಪು ಹೆಣ್ಣುಕುದುರೆ, ಹಣೆಯ ಮೇಲೆ ವಿಭೂತಿ ಇಟ್ಟ ಹಾಗೆ ಒಂದು ಬಿಳಿ ಗೆರೆ. ನನ್ನ ಮಗ ಅದನ್ನು ಮರಿ ಇದ್ದಾಗಿನಿಂದ ಸಾಕಿದ. ಅಪ್ಪ ಮಗ ಇಬ್ಬರೂ ಅದರ ಟಾಂಗಾದಲ್ಲಿ ಕಲ್ಯಾಣಿಯಿಂದ ರಾಜೇಶ್ವರದ ಮೇಲೆ ಹಾಯ್ದು ಹುಮನಾಬಾದಿಗೆ ಮಂದಿಯನ್ನು ಒಯ್ಯುತ್ತಿದ್ದೆವು, ತರುತ್ತಿದ್ದೆವು. ಮನೆ ಅದರ ಮೇಲೆಯೇ ನಡೆದಿತ್ತು. ಆಮೇಲೆ ಆ ದಾರಿಗೆ ಸರ್ವಿಸ್ ಮೋಟಾರು ಬಂತು. ನಾವು ಬೆಳಿಗ್ಗೆ ಬಿಟ್ಟು ಮಧ್ಯಾಹ್ನ ಮುಟ್ಟಿಸುವ ದಾರಿಯನ್ನು ಅದು ನಾಷ್ಟಾದ ಹೊತ್ತಿಗೆ ಮುಟ್ಟಿಸತೊಡಗಿತು. ವಕೀಲರು, ಬಟ್ಟೆ ಅಂಗಡಿಯವರು ಎಲ್ಲ ಅದನ್ನೇ ಹತ್ತಿದರು. ನಮಗೆ ಉಳಿದವರು ಮೋಟಾರಿನ ವಾಸನೆಗೆ ವಾಂತಿ ಮಾಡಿಕೊಳ್ಳುವ ಮುದುಕಿಯರು ಮಾತ್ರ.

ಸೊಸೆ ಹೆರಿಗೆಗೆಂದು ತೌರಿಗೆ, ಮೋರಖಂಡಿಗೆ, ಹೋಗಿದ್ದಳು. ಮಗನೂ ಅವಳನ್ನು ಬಿಟ್ಟು ಬರಲು ಹೋಗಿದ್ದ. ಆ ಹೊತ್ತು ನೋಡಿ ನಾನು ಟಾಂಗಾ ಮನೆಯಲ್ಲೇ ಬಿಟ್ಟು, ಕಸ್ತೂರಿಯನ್ನು ಹತ್ತಿ ಹುಮನಾಬಾದಿಗೆ ಹೋಗಿ ಮೋಟಾರು ಕೊಂಡುಬಿಟ್ಟೆ. ಹುಟ್ಟುವ ಕೂಸು ಮೋಟಾರಿನವರ ಮನೆಯಲ್ಲಿ ಬೆಳೆಯಲಿ ಎಂಬ ಆಸೆ.

ಅಲ್ಲಿ ಹಳೆಯ ಮೋಟಾರುಗಳನ್ನು ತಂದು ಮಾರುವ ವ್ಯಾಪಾರಿ ಒಬ್ಬನಿದ್ದಾನೆ. ಅವನ ಅಪ್ಪ, ಅಜ್ಜ ಎಲ್ಲ ಕುದುರೆ ವ್ಯಾಪಾರಿಗಳು. ಇವನು ಕಾಲ ನೋಡಿ ಮೋಟಾರಿಗೆ ಇಳಿದ. ಆದರೆ ಅಂಗಡಿಯ ಗೋಡೆಯ ಗೂಟದ ಮೇಲೆ ಇವತ್ತಿಗೂ ಅವನ ಅಪ್ಪ ಮಾರಿದ ಕುದುರೆಗಳ ಹಗ್ಗ ಸಾಲಾಗಿ ತೂಗುತ್ತವೆ. ಇದು ನಮ್ಮ ಕಡೆಯ ರಿವಾಜು. ದನ ಇರಲಿ, ಕುದುರೆ ಇರಲಿ, ಮಾರಿದವನು ಪ್ರಾಣಿ ಕೊಡುತ್ತಾನೆ, ಹಗ್ಗ ಕೊಡುವುದಿಲ್ಲ. ಹಗ್ಗದ ಜೊತೆ ಮನೆಯ ಲಕ್ಷ್ಮಿ ಹೋಗುತ್ತಾಳೆ ಎಂದು ನಂಬಿಕೆ. ಕೊಂಡವನು ತನ್ನ ಹಗ್ಗ ತಂದು ಹಾಕಿಕೊಂಡು ಹೋಗಬೇಕು.

ಮೋಟಾರನ್ನು ನಾನು ಕುದುರೆ ನೋಡುವ ಹಾಗೆಯೇ ನೋಡಿದೆ. ಬೇರೆ ಹೇಗೆ ನೋಡಬೇಕೆಂದು ನನಗೇನು ಗೊತ್ತು? ಗೊರಸು ಬಡಿದು ನೋಡುವ ಹಾಗೆ ಟಾಯರು ಬಡಿದೆ. ನಿಂತಲ್ಲಿ ಉಸಿರು ಹೇಗೆ ಬಿಡುತ್ತದೆಂದು ಕಿವಿಗೊಟ್ಟು ಕೇಳಿದೆ. ಕುಂಟುತ್ತದೋ ಎಂದು ಮುಂದೆ ನಡೆಸಿ, ಹಿಂದೆ ನಡೆಸಿ ನೋಡಿದೆ. ಬೆಳಗಿನ ತಂಪು, ಸಪಾಟು ರಸ್ತೆ, ಒಳಗೆ ಹೊರೆ ಇಲ್ಲ. ಚೆನ್ನಾಗಿಯೇ ಓಡಿತು. ಆಮೇಲೆ ವ್ಯಾಪಾರಿ ತನ್ನ ರುಮಾಲು ಬಿಚ್ಚಿ ಇಬ್ಬರ ಕೈ ಮೇಲೆ ಹಾಕಿದ. ಸಂತೆಯಲ್ಲಿ ಮಾಡುವಂತೆ ಬಟ್ಟೆಯ ಕೆಳಗೆ ಬೆರಳು ಹಿಡಿದು ಹಿಡಿದು ಕಿಮ್ಮತ್ತು ಕುದುರಿಸಿದೆವು. ಕೂಡಿಟ್ಟ ನಿಜಾಮರ ಹಾಲಿ ರೂಪಾಯಿಯ ಗಂಟು, ಅದರ ಮೇಲೆ ಕಸ್ತೂರಿ. ಅಷ್ಟಕ್ಕೆ ಕೈ ಕೈ ಕೂಡಿದವು.

ಅವನ ಡ್ರೈವರು ಮೋಟಾರಿನ ಮೂತಿಗೆ ಹ್ಯಾಂಡಲ್ ಹಾಕಿ ತಿರುವಿ ಚಾಲು ಮಾಡಿದ. ಮೋಟಾರು ಗುರ್ ಎನ್ನುತ್ತಿರುವಾಗಲೇ ವ್ಯಾಪಾರಿ ಬಂದು ಆ ಹ್ಯಾಂಡಲ್ ತೆಗೆದುಕೊಂಡ. ಬಟ್ಟೆಯಿಂದ ಒರೆಸಿ, ಒಯ್ದು ಅಪ್ಪನ ಹಗ್ಗಗಳ ಪಕ್ಕದ ಗೂಟಕ್ಕೆ ತೂಗುಹಾಕಿದ.

"ನಮ್ಮ ಹಗ್ಗ ನಮ್ಮಲ್ಲೇ ಇರ್ಲಿ ಕಾಕಾ," ಎಂದ. "ನಿಮ್ಮೂರ ಕಮ್ಮಾರನ ಕಡಿಂದ ಹೊಸಾದು ಮಾಡಿಸ್ಕೋರಿ."

ಬೇರೆ ಯಾರೇ ಆಗಿದ್ದರೂ ಜಗಳ ಮಾಡುತ್ತಿದ್ದರು. ಹ್ಯಾಂಡಲ್ ಇಲ್ಲದ ಮೋಟಾರು ಯಾರಿಗೆ ಬೇಕು? ಆದರೆ ನನಗೆ ಅದು ಸರಿ ಕಂಡಿತು. ಹೌದಲ್ಲ, ರಿವಾಜು ತಿಳಿದವನು ಎಂದು ಅವನ ಮೇಲೆ ವಿಶ್ವಾಸ ಇನ್ನೂ ಹೆಚ್ಚಾಯಿತು. ನಾನೂ ಕಸ್ತೂರಿಯ ಹಗ್ಗ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡೆ. ಅದು ನನ್ನ ಹೆಗಲಿಗೆ ಮೂಗು ತಂದು ಆ ಹಗ್ಗವನ್ನೇ ಮೂಸಿತು. ನಾನು ತಿರುಗಿ ನೋಡದೆ ಮೋಟಾರು ಹತ್ತಿದೆ.

ಡ್ರೈವರು ಕೆಲವು ದಿನ ಕಲ್ಯಾಣಿಯಲ್ಲಿ ಉಳಿದು, ಕೋಟೆಯ ಹೊರಗಿನ ಬಯಲಿನಲ್ಲಿ ಬೆಳಗಿನ ಹೊತ್ತು ನನಗೆ ಮೋಟಾರು ಕಲಿಸಿದ. ಕಮ್ಮಾರ ಹೊಸ ಹ್ಯಾಂಡಲ್ ಮಾಡಿಕೊಟ್ಟ. ಮಗ ಬಂದು ಖಾಲಿ ಲಾಯ ನೋಡಿದ, ಆಮೇಲೆ ಮೋಟಾರು ನೋಡಿದ. "ಅಪ್ಪಾ, ಒಂದ ಮಾತ ಕೇಳಬೇಕಿತ್ತು," ಎಂದ. ಅಷ್ಟೇ. ಅದಕ್ಕಿಂತ ಹೆಚ್ಚು ಬೈದಿದ್ದರೆ ಚೆನ್ನಾಗಿತ್ತು.

ಬಾಡಿಗೆಗೆ ಮಂದಿಯನ್ನು ಹತ್ತಿಸಿಕೊಂಡು ಹೊರಟ ಮೊದಲನೆಯ ದಿನವೇ ಗುಟ್ಟು ಬಿಚ್ಚಿತು. ಒಳಗೆ ತುಂಬ ಜನ, ಹಿಂದೆ ಮೆಣಸಿನಕಾಯಿ ಚೀಲ. ಬಿಸಿಲೇರಿತ್ತು. ರಾಜೇಶ್ವರ ಇನ್ನೂ ಮುಂದಿರುವಾಗ ಏರಿನಲ್ಲಿ ಮೋಟಾರಿನ ಮೂತಿಯಿಂದ ಉಗಿ ಎದ್ದಿತು. ಒಳಗೆ ಕೂತ ಒಬ್ಬಳು ಮುದುಕಿ ಮೂಗು ಅರಳಿಸಿ, ಇಲ್ಲಿ ಯಾರೋ ಒಗ್ಗರಣೆ ಹಾಕಾಕತ್ತಾರಲ್ಲ ಎಂದಳು. ಎಲ್ಲರೂ ನಕ್ಕರು. ನಾನು ಇಳಿದು, ಮೋಟಾರಿನ ಮೂತಿಯ ಟೋಪಿ ಬಿಚ್ಚಿ ನೀರು ಹೊಯ್ಯಲು ಹೋದೆ. ಕುದಿಯುವ ನೀರು ಉಕ್ಕಿ ನನ್ನ ಧೋತರದ ಮೇಲೆ ಬಿತ್ತು. ಹಳದಿ ನೀರು. ಹಳೆಯ ಕಬ್ಬಿಣ, ತುಕ್ಕು ಇರಬೇಕು ಅಂದುಕೊಂಡೆ. ಆರಿಸಿ ಹೊರಟರೆ ಮತ್ತೆ ಉಗಿ. ಮಂದಿ ಒಬ್ಬೊಬ್ಬರೇ ಇಳಿದು ನಡೆದರು. ಬಾಡಿಗೆ ಕೇಳುವ ಬಾಯಿ ನನಗಿರಲಿಲ್ಲ.

ಮರುದಿನವೂ ಅದೇ. ಅದರ ಮರುದಿನ ನೀರು ಹೊಯ್ದಷ್ಟೂ ಕೆಳಗೆ ಸೋರಿತು. ರಾಜೇಶ್ವರದ ಕಮ್ಮಾರ ಇಂಜಿನ್ನಿನ ಬದಿ ಉಜ್ಜಿ ಉಜ್ಜಿ ಕಪ್ಪು ಬಣ್ಣ ತೆಗೆದ. ಒಳಗೆ ಬೆರಳುದ್ದ ಬಿರುಕು. ಅದಕ್ಕೆ ಏನೋ ಮೆತ್ತಿ ಮೇಲೆ ಬಣ್ಣ ಬಳಿದಿದ್ದರು. "ಇದರ ಎದಿ ಒಡದದ ಅಜ್ಜಾ," ಎಂದ. "ಇದಕ್ಕ ನನ್ನ ಹಂತ್ಯಾಕ ಔಷಧ ಇಲ್ಲ."

ಮನೆ ನಿಂತುಹೋಯಿತು. ಕುದುರೆ ಇಲ್ಲ, ಮೋಟಾರು ಇಲ್ಲ. ಮಗ ದುಡಿಮೆಗೆಂದು ಮಾವನ ಹೊಲಕ್ಕೆ, ಮೋರಖಂಡಿಗೆ ಹೋದ. ಸೊಸೆಯ ದಿನ ತುಂಬಿದ್ದರಿಂದ ನನ್ನ ಹೆಂಡತಿಯೂ ಅಲ್ಲಿಗೇ ಹೋದಳು. ಹೋಗುವಾಗ ಜೋಳದ ಗಡಿಗೆಯ ತಳ ನನಗೆ ತೋರಿಸಿ ಹೋದಳು.

ಸಂತೆಯ ಕರಾರು ನನಗೆ ಗೊತ್ತಿತ್ತು. ಕೊಂಡ ಪ್ರಾಣಿಯಲ್ಲಿ ಮುಚ್ಚಿಟ್ಟ ಐಬು ಕಂಡರೆ ಮೂರು ಸಂತೆಯೊಳಗೆ ಮಾರಿದವನ ಬಾಗಿಲಿಗೆ ತಂದು ನಿಲ್ಲಿಸಬೇಕು. ಅವನು ಒಪ್ಪಿಕೊಳ್ಳುವ ತನಕ ತಂದವನು ಹಗ್ಗ ಬಿಡಬಾರದು. ಬಿಟ್ಟು ಹೋದರೆ ತಕರಾರು ಬಿದ್ದುಹೋಯಿತು, ಐಬು ಕೊಂಡವನ ಪಾಲಿಗೆ. ಮೋಟಾರಿಗೂ ಇದೇ ಇರಬೇಕು ಎಂದು ನಾನು ಒಂದು ಚಣವೂ ಅನುಮಾನಪಡಲಿಲ್ಲ. ಎರಡೆತ್ತಿನ ಜೋಡಿ ಬಾಡಿಗೆಗೆ ಹಿಡಿದು ಮೋಟಾರನ್ನು ಎಳೆಸಿಕೊಂಡು ಹುಮನಾಬಾದಿಗೆ ಹೊರಟೆ. ಎತ್ತಿನವನು ದಾರಿಯುದ್ದಕ್ಕೂ, ಕಾಕಾ ಇದಕ್ಕ ಎರಡ ಎತ್ತಿನ ತಾಕತ್ತದ ಅಂತ ಎಲ್ಲಾರಿಗೂ ಹೇಳ್ತೀನಿ ಎಂದು ಕುಶಾಲು ಮಾಡುತ್ತ ಬಂದ. ಕಸ್ತೂರಿಯ ಹಗ್ಗ ನನ್ನ ನಡುವಿಗೆ ಸುತ್ತಿತ್ತು.

ವ್ಯಾಪಾರಿ ನಗುತ್ತಲೇ ಬರಮಾಡಿಕೊಂಡ. ನೀರಿಲ್ಲದೆ ಓಡಿಸಿ ನೀವೇ ಇಂಜಿನ್ ಒಡೆದೀರಿ ಎಂದ. ಹಳದಿ ನೀರು ತೋರಿಸಿದೆ. ತುಕ್ಕು ಎಂದ. ಬಿರುಕಿನ ಮೇಲಿನ ಬಣ್ಣ ತೋರಿಸಿದೆ. ಬಣ್ಣ ಇಲ್ಲದ ಹಳೆ ಮೋಟಾರು ಯಾವುದದ ಎಂದ. ಕೊನೆಗೆ, ಒಮ್ಮೆ ಮಾರಿದ್ದು ಮಾರಿದ್ದೇ ಎಂದು ಒಳಗೆ ಹೋದ. ನಾನು ಮೋಟಾರನ್ನು ಅವನ ಅಂಗಡಿಯ ಎದುರು, ರಸ್ತೆಯ ಆಚೆ, ಬೇವಿನ ಗಿಡದ ಕೆಳಗೆ ನಿಲ್ಲಿಸಿದೆ. ಅಲ್ಲೇ ಕೂತೆ.

ಆ ಗಿಡದ ಇನ್ನೊಂದು ಬದಿಗೆ ಕುದುರೆಗಳಿಗೆ ನಾಲು, ಅಂದರೆ ಲಾಳ, ಬಡಿಯುವ ಮುದುಕ ಕೂಡುತ್ತಿದ್ದ. ನನಗಿಂತ ವಯಸ್ಸಾದವನು. ಎಲ್ಲರೂ ಅವನಿಗೆ ಚಾಚಾ ಎನ್ನುತ್ತಿದ್ದರು. ನಾನು ಕುದುರೆಯ ಕಾಲು ಎತ್ತಿ ಹಿಡಿದರೆ ಅವನು ನಾಲು ಬಡಿಯುತ್ತಿದ್ದ, ಅದಕ್ಕೆ ನನ್ನ ರೊಟ್ಟಿ ನಡೆಯುತ್ತಿತ್ತು. ಬೆಳಿಗ್ಗೆ ಬಂದು ಸಂಜೆ ಅವನು ಮನೆಗೆ ಹೋಗುತ್ತಿದ್ದ. ಅವನು ಹೋದ ಮೇಲೆ ನನ್ನ ಜೊತೆ ಮಾತಾಡುವವರು ಯಾರೂ ಇಲ್ಲ. ಮೋಟಾರಿನ ಹಿಂದಿನ ಸೀಟಿನಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದೆ. ನಾಲ್ಕು ಜನ ಕೂಡುವ ಜಾಗದಲ್ಲಿ ಒಬ್ಬನೇ ಕೂತು ಉಣ್ಣುವಾಗ ರೊಟ್ಟಿ ಮುರಿಯುವ ಸಪ್ಪಳ ಕೂಡ ದೊಡ್ಡದಾಗಿ ಕೇಳಿಸುತ್ತದೆ.

ಅದಕ್ಕಿಂತ ಕಷ್ಟದ್ದು ಕಸ್ತೂರಿಯದು. ವ್ಯಾಪಾರಿ ಅದನ್ನು ತನ್ನ ಸ್ವಂತದ ಟಾಂಗಾಕ್ಕೆ ಕಟ್ಟಿದ್ದ. ಮೊದಲನೆಯ ದಿನ ನನ್ನನ್ನು ನೋಡಿ ರಸ್ತೆಯ ನಡುವೆ ನಿಂತುಬಿಟ್ಟಿತು. ಎಷ್ಟು ಹೇಳಿದರೂ ಕದಲಲಿಲ್ಲ. ಟಾಂಗಾದ ಆಳು ಚಾವಟಿ ಎತ್ತಿದ. ಮಾರಿದ ಕುದುರೆಯ ಮೈ ಮುಟ್ಟುವ ಹಕ್ಕು ನನಗಿರಲಿಲ್ಲ. ಅಂದಿನಿಂದ ಅದು ಹೊರಡುವ ಹೊತ್ತಿಗೆ, ಬರುವ ಹೊತ್ತಿಗೆ ನಾನು ಎದ್ದು ಮೋಟಾರಿನ ಆಚೆ ಬದಿಗೆ ಹೋಗಿ ಕೆಳಗೆ ಕೂಡುತ್ತಿದ್ದೆ. ನನ್ನನ್ನು ಕಾಣದಿದ್ದರೆ ನಿಲ್ಲುವುದಿಲ್ಲ, ನಿಲ್ಲದಿದ್ದರೆ ಹೊಡೆತ ಬೀಳುವುದಿಲ್ಲ. ಗಾಲಿ ಸಪ್ಪಳದ ನಡುವೆ ಅದರ ನಾಲ್ಕು ಗೊರಸು ನನಗೆ ಬೇರೆಯಾಗಿ ಕೇಳುತ್ತಿದ್ದವು. ಮೋಟಾರಿನ ಹತ್ತಿರ ಬಂದಾಗ ಅವು ತುಸು ನಿಧಾನ ಆಗುತ್ತಿದ್ದವು. ವಾಸನೆ ಹಿಡಿಯುತ್ತಿತ್ತೋ ಏನೋ.

ಅರ್ಜಿಯನ್ನೂ ಮಾಡಿದೆ. ಅರ್ಜಿ ಬರೆಯುವವನು ಉರ್ದುವಿನಲ್ಲಿ ಉದ್ದಕ್ಕೆ ಬರೆದು ನನ್ನ ಹೆಬ್ಬೆಟ್ಟು ಒತ್ತಿಸಿದ. ಸಹಿ ಬರ್ತದರಿ ಅಂದೆ, ಕನ್ನಡದ ಸಹಿ ಬ್ಯಾಡ ಅಂದ. ಹುಮನಾಬಾದಿನ ಕಚೇರಿಯವರು, ನೀವು ಕಲ್ಯಾಣಿ ಜಾಗೀರಿನವರು, ಅಲ್ಲಿ ಹೇಳಿಕೊಳ್ಳಿ ಎಂದರು. ಕಲ್ಯಾಣಿಗೆ ಹೊರಟವರ ಕೈಯಲ್ಲಿ ಅದೇ ಅರ್ಜಿ ಕಳಿಸಿದೆ. ಅವರು, ವ್ಯಾಪಾರ ಆದದ್ದು ಹುಮನಾಬಾದಿನಲ್ಲಿ, ಅಲ್ಲಿಯೇ ಹೇಳಿಕೊಳ್ಳಲಿ ಎಂದರಂತೆ. ಅರ್ಜಿ ಹೀಗೆ ಸರ್ವಿಸ್ ಮೋಟಾರಿನ ಹಾಗೆ ಹೋಗಿ ಬಂದು ಮಾಡಿತು. ನಾನು ಗಿಡದ ಕೆಳಗೇ ಇದ್ದೆ.

ಮೊಮ್ಮಗಳು ಹುಟ್ಟಿದ ಸುದ್ದಿ ಆ ಗಿಡದ ಕೆಳಗೇ ನನಗೆ ಸಿಕ್ಕಿತು. ಕೋಳಿ ತತ್ತಿ ಮಾರಲು ಬಂದ ಮೋರಖಂಡಿಯವನು ಹೇಳಿದ. ತೊಟ್ಟಿಲಿಗೆ ಹಾಕುವ ದಿನವನ್ನೂ ಹೇಳಿದ. ಆ ದಿನ ಎದ್ದು ಮುಖ ತೊಳೆದು, ರುಮಾಲು ಸುತ್ತಿಕೊಂಡು ಹೊರಟೇಬಿಟ್ಟೆ. ಚಾಚಾ, ನಾನು ನೋಡ್ಕೋತೀನಿ ಹೋಗು ಎಂದ. ಊರ ಹೊರಗಿನ ಬಾವಿಯ ತನಕ ನಡೆದೆ. ಅಲ್ಲಿ ನಿಂತು ತಿರುಗಿ ನೋಡಿದರೆ, ಬೇವಿನ ಗಿಡದ ತುದಿ ಕಾಣುತ್ತಿತ್ತು. ಹಗ್ಗ ಬಿಟ್ಟು ಹೋದರೆ ತಕರಾರು ಸತ್ತಿತು. ತಕರಾರು ಸತ್ತರೆ ಕಸ್ತೂರಿ ಇಲ್ಲ. ಕಸ್ತೂರಿ ಇಲ್ಲದೆ ಆ ಕೂಸನ್ನು ಯಾವ ಮನೆಗೆ ಕರೆದುಕೊಂಡು ಬರಲಿ? ಬಾವಿಯ ಕಟ್ಟೆಯ ಮೇಲೆ ಬಹಳ ಹೊತ್ತು ಕೂತು ತಿರುಗಿ ಬಂದೆ. ಚಾಚಾ ಕಾಲು ಹಿಡಿ ಅಂದ, ಒಂದು ಕುದುರೆಯ ಕಾಲು ಹಿಡಿದೆ. ಎರಡು ದಿನದ ಮೇಲೆ ತತ್ತಿಯವನು ತೊಟ್ಟಿಲ ಗುಗ್ಗರಿ ಒಂದು ಮುಷ್ಟಿ ತಂದುಕೊಟ್ಟ. ಹಿಂದಿನ ಸೀಟಿನಲ್ಲಿ ಕೂತು ಒಂದೊಂದೇ ಕಾಳು ತಿಂದೆ. ಹೆಸರು ಏನಿಟ್ಟರು ಎಂದು ಅವನಿಗೆ ಗೊತ್ತಿರಲಿಲ್ಲ.

ಹೀಗೆ ಎರಡು ತಿಂಗಳು ದಾಟಿದವು. ಒಂದು ಮಧ್ಯಾಹ್ನ ನನ್ನ ಹೆಂಡತಿಯೇ ಬಂದು ಎದುರು ನಿಂತಳು. ಹೊದ್ದ ಸೆರಗಿನ ತುಂಬ ದಾರಿಯ ಧೂಳು. ಮೋಟಾರು ನೋಡಿದಳು, ಚಕ್ರದ ಸುತ್ತ ಬೆಳೆದ ಹುಲ್ಲು ನೋಡಿದಳು, ನನ್ನನ್ನು ನೋಡಿದಳು. ಹಿಂದಿನ ಸೀಟು ಹತ್ತಿ ಕೂತು ಎಲೆ ಅಡಿಕೆಯ ಚಂಚಿ ಬಿಚ್ಚಿದಳು.

"ಚಲೋ ಮನಿ ಕಟಗೊಂಡೀರಿ," ಎಂದಳು.

"ಕೂಸು ಹ್ಯಾಂಗದ?" ಎಂದೆ.

"ನಿಮ್ಮ ಹಂಗೇ ಅದ. ಹಿಡದದ್ದ ಬಿಡಂಗಿಲ್ಲ." ಎಲೆಗೆ ಸುಣ್ಣ ಹಚ್ಚುತ್ತ ಮುಂದಿನದು ಹೇಳಿದಳು. ಮೂರನೆಯ ತಿಂಗಳಿಗೆ ಕೂಸನ್ನು ಅಪ್ಪನ ಮನೆಗೆ ಕಳಿಸಬೇಕು. ಬೀಗರು ಬಾಯಿ ಬಿಟ್ಟು ಕೇಳುವುದಿಲ್ಲ, ಆದರೆ ಬಾಣಂತಿ, ಅಳಿಯ, ಬೀಗಿತಿ, ಎಲ್ಲರಿಗೂ ರೊಟ್ಟಿ ಹಾಕಿ ಹಾಕಿ ಅವರ ಕೈ ಸೋತಿದೆ. ಮಗ ಮೋರಖಂಡಿಯಲ್ಲಿಯೇ ಒಂದು ಗುಡಿಸಲು ಹಾಕಿಕೊಳ್ಳುವ ಮಾತಾಡುತ್ತಿದ್ದಾನೆ. "ಹಾಕಿಕೊಂಡಾ ಅಂದ್ರ, ಮುಂದ ಕಲ್ಯಾಣಿ ಮನಿಗಿ ಯಾರೂ ಬರಂಗಿಲ್ಲ," ಎಂದಳು. "ನೀವು ಇಲ್ಲಿ, ಅವರು ಅಲ್ಲಿ."

ನಡೀರಿ, ಇವತ್ತೇ ಹೋಗೋಣ ಎನ್ನುತ್ತಾಳೆ ಅಂದುಕೊಂಡೆ. ಅನ್ನಲಿಲ್ಲ. ಅವಳಿಗೂ ಸಂತೆಯ ಕರಾರು ಗೊತ್ತು. ಆದರೆ ಕುಟುಕದೆ ಬಿಡುವವಳಲ್ಲ.

"ಆದ್ರೂ ಒಂದ ಮಾತ ಕೇಳ್ತೀನಿ. ಇದು ಮೋಟಾರ ಅದನೋ, ಕುದುರಿ ಅದನೋ? ಕುದುರಿ ಹಂಗ ಇದರ ಹಗ್ಗ ಹಿಡಕೊಂಡು ಕುಂತೀರಲ್ಲ, ಹಗ್ಗರೆ ಎಲ್ಲದ ಇದಕ್ಕ?"

ರಸ್ತೆಯ ಆಚೆ ನೋಡಿದೆ. ಅಂಗಡಿಯ ಬಾಗಿಲು ತೆರೆದಿತ್ತು. ಒಳಗೆ ಗೂಟದ ಮೇಲೆ, ಹಗ್ಗಗಳ ಸಾಲಿನ ಕೊನೆಗೆ, ಹ್ಯಾಂಡಲ್ ತೂಗುತ್ತಿತ್ತು. ಇದರ ಹಗ್ಗ ಅಲ್ಲೇ ಇತ್ತು. ಇಷ್ಟು ದಿನವೂ ನನ್ನ ಕಣ್ಣೆದುರೇ.

ಅವಳು ಬೆರಳಿಗೆ ಉಳಿದ ಸುಣ್ಣವನ್ನು ನನ್ನ ಧೋತರಕ್ಕೆ ಒರೆಸಿದಳು. ಎಂದಿನ ಚಟ ಅದು, ಮದುವೆಯಾದಾಗಿನಿಂದ ಬಯ್ಯುತ್ತ ಬಂದಿದ್ದೇನೆ. ಅವಳು ಬರುವ ತುಸು ಮೊದಲು ಮೋಟಾರಿನ ತಳದ ತಿರುಪು ಸಡಿಲಿಸಿ ನೋಡುವಾಗ ಅಲ್ಲಿ ಉಳಿದ ನೀರು ಧೋತರದ ಮೇಲೆ ಚೆಲ್ಲಿ ಇನ್ನೂ ಹಸಿಯಾಗಿತ್ತು. ಸುಣ್ಣ ತಾಗಿದ ಕಡೆ ಹಳದಿ ಕಲೆ ಕೆಂಪಗಾಯಿತು. ಇಬ್ಬರೂ ಬಗ್ಗಿ ನೋಡಿದೆವು.

"ಅಯ್ಯ," ಎಂದಳು, "ಇದು ಆರತಿ ನೀರು."

ಅರಿಷಿಣದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುತ್ತದೆ. ಅದನ್ನೇ ತಟ್ಟೆಗೆ ಹೊಯ್ದು ಕೂಸಿಗೆ, ಮದುಮಕ್ಕಳಿಗೆ ಆರತಿ ಎತ್ತುತ್ತಾರೆ. ತುಕ್ಕು ಹೀಗೆ ಕೆಂಪಾಗುವುದಿಲ್ಲ. ಬಿರುಕಿನೊಳಗೆ ಕೂತು ನೀರು ತಡೆಯಲಿ ಎಂದು ಮೋಟಾರಿನ ನೀರಿಗೆ ಅರಿಷಿಣ ಕಲಸಿ ನನಗೆ ಮಾರಿದ್ದರು. ಒಗ್ಗರಣೆಯ ವಾಸನೆ ಹಿಡಿದ ಆ ಮುದುಕಿಯ ಮೂಗು ನನ್ನ ಕಣ್ಣಿಗಿಂತ ಚುರುಕಾಗಿತ್ತು.

ಆ ದಿನವೇ ಗಟ್ಟಿ ಮಾಡಿದೆ. ಇನ್ನು ಕಚೇರಿ ಬೇಡ, ಅರ್ಜಿ ಬೇಡ. ಸಂತೆಯ ಪಂಚರನ್ನು ಕೂಡಿಸುತ್ತೇನೆ. ಅವರ ಮಾತು ನನ್ನ ವಿರುದ್ಧ ಬಿದ್ದರೆ ಮತ್ತೆ ಎಲ್ಲಿಯೂ ಹೇಳಿಕೊಳ್ಳುವ ಹಾಗಿಲ್ಲ, ಮೋಟಾರು ಅಲ್ಲೇ ಬಿಟ್ಟು ಎದ್ದು ಹೋಗಬೇಕು. ಹೆಂಡತಿಗೆ ಹೇಳಿದೆ. ಅವಳು ಚಂಚಿಯಿಂದ ಸುಣ್ಣದ ಡಬ್ಬಿ ತೆಗೆದು ನನ್ನ ಕೈಯಲ್ಲಿಟ್ಟು, ಮೋರಖಂಡಿ ಕಡೆಗೆ ಹೋಗುವ ಬಂಡಿ ಹತ್ತಿದಳು. ಮತ್ತೆ ನಾನೊಬ್ಬನೇ. ಆದರೆ ಆ ಸಂಜೆ ರೊಟ್ಟಿಯ ಸಪ್ಪಳ ಅಷ್ಟು ದೊಡ್ಡದಿರಲಿಲ್ಲ.

ಇದು ವ್ಯಾಪಾರಿಯ ಕಿವಿಗೆ ಬಿತ್ತು. ರಸ್ತೆ ದಾಟಿ ತಾನಾಗಿಯೇ ಬಂದ. ಕುದುರೆಯ ಮಾತು ಬಿಡಿ, ರೂಪಾಯಿ ಗಂಟು ಪೂರಾ ತಿರುಗಿ ಕೊಡುತ್ತೇನೆ, ಬೇರೆ ತಟ್ಟು ಕುದುರೆ ಕೊಂಡುಕೊಳ್ಳಿ ಎಂದ. ಕಸ್ತೂರಿಯಂಥ ಕುದುರೆ ತನಗೆ ಮತ್ತೆ ಸಿಗುವುದಿಲ್ಲ ಎಂದೂ ಬಾಯಿ ಬಿಟ್ಟು ಹೇಳಿದ. ಅದು ಸುಳ್ಳಲ್ಲ. ಒಪ್ಪಿದ್ದರೆ ಅವತ್ತೇ ಊರಿಗೆ ಹೊರಡಬಹುದಿತ್ತು. ಆದರೆ ಖಾಲಿ ಲಾಯದ ಮುಂದೆ ನಿಂತ ಮಗನ ಮುಖ ನೆನಪಾಯಿತು. ಸಂತೆಯ ದಿನ ನೋಡೋಣ ಸಾವಕಾರ್ರ ಎಂದೆ.

ಸಂತೆಯ ದಿನ ಅದೇ ಗಿಡದ ಕೆಳಗೆ ಪಂಚರು ಕೂಡಿದರು. ಎತ್ತಿನ ದಲಾಲಿಗಳು ಇಬ್ಬರು, ನಡುವೆ ಚಾಚಾ. ಕುದುರೆಯ ವಿಷಯಕ್ಕೆ ಆ ಸಂತೆಯಲ್ಲಿ ಅವನ ಮಾತೇ ಕೊನೆ. ಜನ ಸುತ್ತ ನೆರೆದರು. ನಾನು ನಡೆದದ್ದೆಲ್ಲ ಹೇಳಿದೆ. ವ್ಯಾಪಾರಿ ಕೈಕಟ್ಟಿ ನಿಂತು ಕೇಳಿ, ಸಣ್ಣಗೆ ನಕ್ಕ.

"ಚಾಚಾ, ಐಬಿನ ಕರಾರು ಜೀವ ಇದ್ದದ್ದಕ್ಕ. ಕಬ್ಬಿಣಕ್ಕ ಎಲ್ಲಿಂದ ಬಂತು? ಇದು ಕುದುರಿ ಅಲ್ಲ, ಎತ್ತಲ್ಲ."

ಪಂಚರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ದಲಾಲಿ ಹೌದೆನ್ನುವ ಹಾಗೆ ತಲೆ ಆಡಿಸಿದ.

"ಕುದುರಿ ಅಲ್ಲಂದ್ರ, ಅದರ ಹಗ್ಗ ಯಾಕ ಇಟಗೊಂಡ್ರಿ ಸಾವಕಾರ್ರ?" ಎಂದೆ.

ಅವನು ಅರ್ಥವಾಗದವನ ಹಾಗೆ ನೋಡಿದ. ಆಮೇಲೆ ಅರ್ಥವಾಯಿತು. ಅವನ ಕಣ್ಣು ತನ್ನ ಅಂಗಡಿಯ ಕಡೆ ಹೋಯಿತು, ಎಲ್ಲರ ಕಣ್ಣೂ ಹೋದವು. ಚಾಚಾ ತಗ್ಗಿದ ದನಿಯಲ್ಲಿ, ಅದನ್ನ ತಗೊಂಡು ಬಾ ಬೇಟಾ ಎಂದ. ಆಳನ್ನು ಕಳಿಸದೆ ವ್ಯಾಪಾರಿ ತಾನೇ ಹೋಗಿ ಹ್ಯಾಂಡಲ್ ತಂದ. ಅದರ ಮೇಲೆ ಊದುಬತ್ತಿಯ ಹೊಗೆ ಹಿಡಿದಿತ್ತು. ಹಗ್ಗಗಳ ಜೊತೆ ಅದಕ್ಕೂ ದಿನಾ ಊದುಬತ್ತಿ ಬೆಳಗುತ್ತಿದ್ದನೆಂದು ಕಾಣುತ್ತದೆ. ಹಗ್ಗ ತಾನೇ ಇಟ್ಟುಕೊಂಡು ಮಾರಿದ ಮೇಲೆ ಅದು ಕುದುರೆಯ ವ್ಯಾಪಾರವೇ ಎಂದು ಚಾಚಾ ಹೇಳಿದ. ದಲಾಲಿಗಳು ಒಪ್ಪಿದರು.

ಇನ್ನು ಐಬು ತೋರಿಸುವುದಿತ್ತು. ಮೋಟಾರಿನ ತಳದ ನೀರನ್ನು ಹಿತ್ತಾಳೆಯ ಬಟ್ಟಲಿಗೆ ಇಳಿಸಿದೆ. ಹೆಂಡತಿಯ ಡಬ್ಬಿಯಿಂದ ಸುಣ್ಣ ತೆಗೆದು ಅದಕ್ಕೆ ಹಾಕಿ ಬೆರಳಾಡಿಸಿದೆ. ನೀರು 'ಕೂಸಿಗೆ ಆರತಿ ಎತ್ತಬಹುದು' ಅನ್ನುವಷ್ಟು ಕೆಂಪಗಾಯಿತು. ಸಂತೆಗೆ ಬಂದ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು.

"ಅರಿಷಿಣ ಕಾಕಾನೇ ಹಾಕಿರಬಹುದಲ್ಲ," ಎಂದ ವ್ಯಾಪಾರಿ. ದನಿ ಸಣ್ಣದಾಗಿತ್ತು.

"ಇರಬಹುದು," ಎಂದ ಚಾಚಾ. "ಹಗ್ಗ ನಿನ್ನ ಕೈಯಾಗೇ ಅದ. ಅದನ್ನ ಹಿಡದು ಒಂದ ಮಾತ ಹೇಳು, ನಾ ಹಾಕಿಲ್ಲ ಅಂತ. ಕುದುರಿ ನಿಂದು, ಮೋಟಾರ ಅವಂದು. ಎದ್ದು ಹೋಗೋಣ."

ಹಗ್ಗ ಹಿಡಿದು ಸುಳ್ಳು ಹೇಳಿದ ಕುದುರೆ ವ್ಯಾಪಾರಿಯ ಲಾಯ ತುಂಬುವುದಿಲ್ಲ ಎಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ವ್ಯಾಪಾರಿ ಹ್ಯಾಂಡಲ್ ನೋಡುತ್ತ ನಿಂತ. ಒಂದು ಮಾತು ಹೇಳಿದ್ದರೆ ಗೆಲ್ಲುತ್ತಿದ್ದ. ಅವನು ನಡೆದು ಹೋಗಿ ಹ್ಯಾಂಡಲನ್ನು ಮೋಟಾರಿನ ಮೂತಿಗೆ, ಅದರ ಜಾಗಕ್ಕೆ ಸಿಕ್ಕಿಸಿದ. ಆಳಿನ ಕಡೆ ತಿರುಗದೆಯೇ, ಕುದುರಿ ಬಿಚ್ಚಿ ತಾ ಎಂದ.

ಗಂಟಿನಲ್ಲಿ ಮೇವಿನ ಖರ್ಚು ಹಿಡಿದುಕೊಂಡು ಉಳಿದದ್ದು ಕೊಡಬೇಕೆಂದು ಪಂಚರು ಹೇಳಿದರು. ಕೊಟ್ಟ. ನಾನು ಎಣಿಸಲಿಲ್ಲ. ಕಸ್ತೂರಿ ಬರುತ್ತಿತ್ತು. ಈ ಸಲ ನಾನು ಮೋಟಾರಿನ ಹಿಂದೆ ಅಡಗಲಿಲ್ಲ. ನಡುವಿನ ಹಗ್ಗ ಬಿಚ್ಚಿ ಮುಂದೆ ಚಾಚಿದೆ. ಅದು ಮೊದಲು ಹಗ್ಗ ಮೂಸಿತು, ಆಮೇಲೆ ನನ್ನನ್ನು.

ಚಾಚಾ ಅಲ್ಲೇ ಕೂತು ಅದರ ನಾಲ್ಕೂ ಕಾಲಿಗೆ ಹೊಸ ನಾಲು ಬಡಿದ. ಕೂಲಿ ಕೊಡಹೋದರೆ, ಕೂಸಿಗೆ ನನ್ನ ಕಡಿಂದ ಎಂದ. ಹೊರಡುವಾಗ ವ್ಯಾಪಾರಿ ಅಂಗಡಿಯ ಬಾಗಿಲಲ್ಲಿ ನಿಂತಿದ್ದ. "ನಮ್ಮಪ್ಪ ಇದ್ದಿದ್ರ ಅರಿಷಿಣ ಹಾಕ್ತಿದ್ದಿಲ್ಲ ಕಾಕಾ," ಎಂದ. ಕೈ ಎತ್ತಿ ನಮಸ್ಕಾರ ಮಾಡಿ ಬಂದೆ. ಬಾವಿಯ ಕಟ್ಟೆ ದಾಟುವಾಗ ಮಾತ್ರ ಕಸ್ತೂರಿಗೆ ಅದನ್ನು ತೋರಿಸಿದೆ, ನಾ ಇಲ್ಲಿ ಕೂತಿದ್ದೆ ನೋಡು ಎಂದು.

ಕಲ್ಯಾಣಿಗೆ ಬಂದು ರಾತ್ರಿ ಮಲಗಿ, ನಿನ್ನೆ ಬೆಳಿಗ್ಗೆ ಟಾಂಗಾದ ಧೂಳು ಒರೆಸಿ, ಗಾಲಿಗೆ ಎಣ್ಣೆ ಬಿಟ್ಟು ಮೋರಖಂಡಿಗೆ ಹೋದೆ. ಮಗ ಹೊಲದಲ್ಲಿದ್ದವನು ಗೊರಸಿನ ಸಪ್ಪಳ ಕೇಳಿಯೇ ತಲೆ ಎತ್ತಿದನಂತೆ. ಓಡಿ ಬಂದು ನನ್ನನ್ನು ನೋಡಲಿಲ್ಲ, ಕಸ್ತೂರಿಯ ಕಾಲು ಎತ್ತಿ ನೋಡಿದ. ಒಂದು, ಇನ್ನೊಂದು, ನಾಲ್ಕೂ ನೋಡಿದ. ಮುಖ ಮೇಲೆತ್ತದೆ, "ನಾಲ ಹೊಸಾವು ಅವಲ್ಲಪ್ಪಾ," ಎಂದ. ಆಮೇಲೆ ನನ್ನ ಕೈಯಿಂದ ಲಗಾಮು ತೆಗೆದುಕೊಂಡು, "ನೀ ಹಿಂದ ಕೂಡು, ಕೂಸಿನ ಹಂತ್ಯಾಕ," ಎಂದ. ಹೀಗೆ ನನ್ನ ಮೊಮ್ಮಗಳು ಮನೆಗೆ ಬಂದಳು. ಬೀಗರೂ ಬಂದರು.

ಸಂಜೆ ಮನೆಯಲ್ಲಿ ಗೋಧಿ ಹುಗ್ಗಿ, ಜೋಳದ ರೊಟ್ಟಿ, ಪುಂಡಿಪಲ್ಲೆ. ಪಡಸಾಲೆಯಲ್ಲಿ ಸಾಲಾಗಿ ತಾಟು ಹಾಕಿದರು. ಮಗ, ಸೊಸೆ, ಬೀಗರು ಎಲ್ಲ ಕೂತರು. ಕೂಸು ತೊಟ್ಟಿಲಲ್ಲಿ, ಲಾಯದಲ್ಲಿ ಕಸ್ತೂರಿ ಮೇವು ಅಗಿಯುವ ಸಪ್ಪಳ. ನಾನು ಒಬ್ಬೊಬ್ಬರನ್ನೇ ನೋಡುತ್ತಿದ್ದೆ, ಮತ್ತೆ ಮೊದಲಿನಿಂದ ನೋಡುತ್ತಿದ್ದೆ. ನನ್ನ ತಾಟು ಹಾಗೆಯೇ ಇತ್ತು. ಹೆಂಡತಿ ತುಪ್ಪದ ಗಿಂಡಿ ಹಿಡಿದು ಬಂದವಳು ನನ್ನ ಮುಂದೆ ನಿಂತಳು.

"ಹಗ್ಗ ಬಿಡ್ರಿ ಈಗ," ಎಂದಳು. "ಕೈ ತೊಳೀರಿ. ಎಲ್ಲಾರೂ ನಿಮ್ಮ ಸಲುವಾಗಿ ಕುಂತಾರ."

ಕೆಳಗೆ ನೋಡಿದೆ. ಟಾಂಗಾ ಬಿಚ್ಚುವಾಗ ತೆಗೆದುಕೊಂಡ ಕಸ್ತೂರಿಯ ಹಳೆಯ ಹಗ್ಗ ನನ್ನ ಮುಷ್ಟಿಯಲ್ಲೇ ಇತ್ತು. ಎದ್ದು ಅದನ್ನು ತೊಟ್ಟಿಲ ಪಕ್ಕದ ಗೂಟಕ್ಕೆ ಹಾಕಿದೆ. ಕೈ ತೊಳೆದುಕೊಂಡು ಬಂದು ಕೂತೆ. ಎಲ್ಲರೂ ಕೂಡಿ ಉಂಡೆವು.